ಕುಂಟ ಹುಂಜ ತೆರೆಗೆ ಬಂದಾಗ

ಅತ್ತೆ ಸಿನಿಮಾಕ್ಕೆ ಬರಲು ಒಪ್ಪಿದ್ದು ಹುಳು ಜ್ವರಕ್ಕೆ ಕೂತಿದ್ದರಿಂದ. ರೇಷ್ಮೆಹುಳು ಪೊರೆ ಬಿಡುವ ಮೊದಲು ತಲೆಯೆತ್ತಿ ಅಲುಗಾಡದೆ ಕೂತುಬಿಡುತ್ತದೆ, ಅದಕ್ಕೇ ಜ್ವರ ಅನ್ನುವುದು. ಅಷ್ಟು ಹೊತ್ತು ಸೊಪ್ಪು ಹಾಕುವಂತಿಲ್ಲ. ನಮ್ಮ ಮನೆಯಲ್ಲಿ ನೆಂಟರ ಮನೆ, ಆಸ್ಪತ್ರೆ ಎಲ್ಲವೂ ಆ ಬಿಡುವಿಗೇ ಕಾಯುತ್ತಿದ್ದವು. ಆ ಸಲ ಜ್ವರ ಭಾನುವಾರ ಬಿತ್ತು. ನನಗೂ ಫ್ಯಾಕ್ಟರಿಗೆ ರಜೆ. ಇಬ್ಬರೂ ಹೊಂಗನೂರಿನಲ್ಲಿ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಮ್ಯಾಟಿನಿಗೆ ಹೋದೆವು.

ಸಿನಿಮಾದ ಕಥೆ ಅತ್ತೆಯದು. ಅವಳೇ ಕಟ್ಟಿದ್ದಲ್ಲ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೇಳುತ್ತಿದ್ದರು. ರಾಕ್ಷಸಿಯೊಬ್ಬಳು ಸೂರ್ಯನನ್ನು ಕದ್ದು ಒರಳಿನೊಳಗಿಟ್ಟು ಮೇಲೆ ಕೂರುತ್ತಾಳೆ. ಊರಿನ ಗಟ್ಟಿ ಕಾಲಿನ ಹುಂಜಗಳೆಲ್ಲ ಹೆದರಿ ಮಂಕರಿ ಕೆಳಗೆ ಸೇರಿಕೊಳ್ಳುತ್ತವೆ. ಒಂದು ಕುಂಟ ಹುಂಜ ಮಾತ್ರ ಬೆಟ್ಟ ಹತ್ತಿ ಕೂಗಿ ಸೂರ್ಯನನ್ನು ಹೊರಗೆ ತರುತ್ತದೆ. ಎಳವೆಯಲ್ಲೇ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿತ್ತು. ನಾನು ಸ್ಕೂಲಿನಿಂದ ಅಳುತ್ತ ಬಂದ ದಿನ ಅತ್ತೆ ಸೊಪ್ಪು ಹೆಚ್ಚುತ್ತ ಈ ಕಥೆ ಹೇಳುತ್ತಿದ್ದಳು. ಅವಳ ಹುಂಜ ಕೊನೆಯವರೆಗೂ ಕುಂಟುತ್ತಿತ್ತು. ಅದೊಂದಕ್ಕಾಗಿಯೇ ನಾನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದೆ.

ಬಿಡದಿಗೆ ಹೋಗುವ ಫ್ಯಾಕ್ಟರಿ ವ್ಯಾನಿನಲ್ಲಿ ಪಕ್ಕ ಕೂರುವವನು ನನಗಿಂತ ಮೊದಲೇ ಸಿನಿಮಾ ನೋಡಿದ್ದ. “ಕೊನೇಲಿ ಹುಂಜ ರಾಜಕುಮಾರ ಆಗ್ಬುಡ್ತದೆ ಕಣ್ಲಾ!” ಎಂದ.

“ಕಾಲು?” ಎಂದೆ.

“ಯಾವ ಕಾಲು? ನಾನು ಹೀರೋಯಿನ್ನ ನೋಡ್ತಿದ್ದೆ.”

ನಾನು ಟಾಕೀಸಿಗೆ ಹೋದದ್ದು ಆ ಕಾಲಿನ ಗತಿ ತಿಳಿಯಲು.

ಮೊದಲನೆಯ ಹಾಡಿಗೇ ನನ್ನ ಮೈ ಜುಮ್ಮೆಂದಿತು. ತಲೆಗೆ ಕೆಂಪು ಜುಟ್ಟು ಕಟ್ಟಿಕೊಂಡ ಹೀರೋ ಬಂಡೆಯಿಂದ ಬಂಡೆಗೆ ಕುಂಟುತ್ತ ಹಾಡಿದ. ಹಿಂದೆ ಹೇಂಟೆಗಳ ದಂಡು, ಎಲ್ಲರಿಗೂ ಸೊಂಟದ ಪಟ್ಟಿ, ಮೂಗುತಿ.

“ಕೋಳಿಗೆ ಇಷ್ಟೊಂದು ಒಡ್ವೆ ಯಾವೋಳು ಹಾಕವ್ಳಪ್ಪಾ!” ಅತ್ತೆ ಕೂಗಿಯೇಬಿಟ್ಟಳು.

ಮುಂದಿನ ಸಾಲಿನ ಹುಡುಗನೊಬ್ಬ ತಿರುಗಿದ. “ಅಜ್ಜಿ, ಒಸಿ ಸುಮ್ಕೆ ನೋಡು.”

“ಯಾವನ್ಲಾ ಅವನು ಅಜ್ಜಿ ಅಂದೋನು? ಕಥೆ ನಂದು ಕಣ್ಲಾ!”

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಇಂಟರ್ವಲ್ಲಿನಲ್ಲಿ ಬೋಂಡ ತಿನ್ನುತ್ತ ಹೇಳಿದೆ: “ಕಾಲು ಸರಿಮಾಡ್ಬುಡ್ತಾರೆ ಅತ್ತೆ. ಹೀರೋನ ಕುಂಟ್ಕೊಂಡು ಹೋಗಕ್ಕೆ ಬುಡ್ತಾರಾ?”

“ಮಾಡ್ಲಿ ನೋಡಾನ. ಮೇಲಕ್ಕೋಗಿ ಕೇಳ್ತೀನಿ.”

“ಯಾರನ್ನ?”

“ರೀಲು ಬುಡೋನ್ನ.”

ಅವಳು ತಮಾಷೆ ಮಾಡುತ್ತಿರಲಿಲ್ಲ.

ಕೊನೆಗೆ ಹುಂಜ ಬೆಟ್ಟದ ತುದಿಯಲ್ಲಿ ಕೂಗಿತು. ಒರಳು ಸೀಳಿ ಸೂರ್ಯ ಹೊರಬಂದ. ಹೊಗೆ ಎದ್ದಿತು, ಪುಕ್ಕಗಳೆಲ್ಲ ಉದುರಿದವು. ಹೊಗೆಯೊಳಗೆ ರಾಜಕುಮಾರ ರೇಷ್ಮೆ ಪಂಚೆಯುಟ್ಟು ನೆಟ್ಟಗೆ ನಿಂತಿದ್ದ. ಹಾಡು ನಿಂತಿತ್ತು. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡೆ. ನಿಂತಾಗ ಯಾರ ಕಾಲೂ ಗೊತ್ತಾಗುವುದಿಲ್ಲ. ಫೋಟೊ ತೆಗೆಸುವಾಗ ನಾನೂ ಹಾಗೆಯೇ ನಿಲ್ಲುತ್ತೇನೆ.

ಅವನು ಒಂದು ಹೆಜ್ಜೆ ಇಟ್ಟ. ಇನ್ನೊಂದು ಕಾಲನ್ನು ಎಳೆದುಕೊಂಡ.

ತಮಟೆ ಬಿತ್ತು. ಅವನ ಜೊತೆ ರಾಜ ಕುಂಟುತ್ತ ಕುಣಿದ, ಸೇನಾಪತಿ ಕುಂಟಿದ, ಅಡುಗೆಯವರು ಸೌಟು ಹಿಡಿದು ಕುಂಟಿದರು. ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ. ಕಂಪನಿ ಶರ್ಟುಗಳನ್ನೇ ತೊಟ್ಟು ಬಂದಿದ್ದ ಹುಡುಗರು ಸಾಲಿನ ನಡುವಿನ ದಾರಿಗಿಳಿದು ಕಾಲೆಳೆದು ಕುಣಿಯತೊಡಗಿದರು. ಸ್ಕೂಲಿನ ದಾರಿಯಲ್ಲಿ ನನ್ನ ಬೆನ್ನ ಹಿಂದೆ ಹೀಗೆ ನಡೆದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಇವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಯಾರ ಮುಖದಲ್ಲೂ ಅಣಕವಿರಲಿಲ್ಲ. ಆ ಹೆಜ್ಜೆ ಸರಿಯಾಗಿ ಬರಲೆಂದು ಅವರು ಬೆವರುತ್ತಿದ್ದರು.

“ಏಳ್ಲಾ!” ಎಂದು ಅತ್ತೆ ಬೆನ್ನಿಗೆ ತಳ್ಳಿದಳು.

ಗಣೇಶನ ಮೆರವಣಿಗೆಯಲ್ಲೂ ಕುಣಿಯದವನು ದಾರಿಗಿಳಿದೆ. ಹೇಗೆ ನಡೆಯುತ್ತೇನೋ ಹಾಗೆಯೇ, ತಮಟೆಗೆ ಸರಿಯಾಗಿ ನಡೆದೆ. ಒಬ್ಬ ನನ್ನನ್ನು ದಿಟ್ಟಿಸಿ ನಿಂತೇಬಿಟ್ಟ.

“ಲೇ, ಇಲ್ನೋಡ್ರಲಾ! ಸ್ಟೆಪ್ಪಂದ್ರೆ ಇದು! ಎಷ್ಟು ಸಲ ನೋಡಿದ್ದೀರಣ್ಣ ಪಿಚ್ಚರ್ನ?”

“ಇದೇ ಮೊದಲು.”

“ಸುಳ್ಳು ಬುಡಿ!” ಎಂದು ನನ್ನ ಭುಜ ಹಿಡಿದು ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬ. ನೋಡುನೋಡುತ್ತಿದ್ದಂತೆ ಪರದೆಯವರೆಗೆ ರೈಲಾಯಿತು, ನಾನೇ ಎಂಜಿನ್ನು. ಅವರೆಲ್ಲ ಹೀರೋ ಎಳೆದಂತೆ ಬಲಗಾಲು ಎಳೆಯುತ್ತಿದ್ದರು.

“ಎಡಗಾಲು ಕಣ್ರಲಾ, ಎಡಗಾಲು!” ಅತ್ತೆ ಕುರ್ಚಿ ಮೇಲೆ ನಿಂತು ಚಪ್ಪಾಳೆ ತಟ್ಟಿ ಕೂಗಿದಳು. “ಮುಂದಿರೋನ್ನ ನೋಡ್ಕೊಂಡು ಹಾಕಿ!”

ರೈಲು ಕಾಲು ಬದಲಿಸಲು ಹೋಗಿ ಒಬ್ಬರ ಮೇಲೊಬ್ಬರು ಬಿದ್ದೆವು. ಕೆಳಗೆ ಬಿದ್ದ ನನಗೆ ನಗು ತಡೆಯಲಾಗಲಿಲ್ಲ, ಉಸಿರು ಸಿಗಲಿಲ್ಲ. ಯಾರೋ ಕೈ ಕೊಟ್ಟು ಎಬ್ಬಿಸಿದರು. ಎದ್ದವರೆಲ್ಲ ಎಡಗಾಲು ಎಳೆದು ನನ್ನ ಹಿಂದೆ ಹೊರಟರು.