ಕಾಟಾ ಗುರವ್ವನ ಟಪಾಲು

ಗುರವ್ವ ಹೇಳಿದ ಮಾತನ್ನು ಕೇಳುವವಳೇ. ಆದರೆ ಎಷ್ಟು ಹೇಳಿದರೋ ಅಷ್ಟನ್ನೇ ಕೇಳುವವಳು, ಅದರ ಮೇಲೆ ಒಂದು ಕಾಳೂ ಹೆಚ್ಚಿಲ್ಲ. ಬಮ್ಮಿಗಟ್ಟಿಯ ಸಾಲೆಯಲ್ಲಿ ಏಳನೇ ತರಗತಿಯಲ್ಲಿದ್ದಾಗ ಮಾಸ್ತರರು "ಹುಡುಗ್ಯಾರು ಕಸಾ ಹೊಡೀರಿ" ಎಂದದ್ದಕ್ಕೆ, ಹುಡುಗಿಯರು ಕೂರುವ ಅರ್ಧ ಕೋಣೆಯನ್ನು ಅಚ್ಚುಕಟ್ಟಾಗಿ ಗುಡಿಸಿ, ಹುಡುಗರ ಸಾಲಿನ ಅಂಚಿಗೆ ಕಸಬರಿಗೆ ಊರಿ ನಿಂತುಬಿಟ್ಟಿದ್ದಳಂತೆ. "ನಮ್ದು ಮುಗೀತ್ರಿ ಸರ್ರ." ಏಟು ಬಿತ್ತು. ಮರುದಿನವೂ ಅರ್ಧವೇ ಗುಡಿಸಿದಳು. ಮೂರನೆಯ ದಿನ ಹುಡುಗರ ಕೈಗೂ ಕಸಬರಿಗೆ ಬಂತು.

ಪಿಯುಸಿ ಮುಗಿಸಿ ಅಣ್ಣಿಗೇರಿಗೆ ಸೊಸೆಯಾಗಿ ಬಂದಳು. ಗಂಡ ಈರೇಶ ಸುಟ್ಟುಹೋದ ಪಂಪಿನ ಮೋಟರುಗಳಿಗೆ ತಂತಿ ಸುತ್ತಿ ಕೊಡುವವನು, ಮಾತು ಕಡಿಮೆ. ಮನೆಯಲ್ಲಿದ್ದ ಒಂದೇ ಒಳ್ಳೆಯ ಫೋನು ಗಿರಾಕಿಗಳ ಸಲುವಾಗಿ ಅವನ ಕಿಸೆಯಲ್ಲಿರುತ್ತಿತ್ತು. ಗುರವ್ವನದು ಗುಂಡಿ ಒತ್ತುವ ಫೋನು. ಮಗ ಸಾಲೆಗೆ ಹೋಗತೊಡಗಿದ ಮೇಲೆ ಅವಳು ಊರ ಹೊರಗಿನ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದಳು. ಗಾಡಿ ತೂಗುವ ಕಾಟಾದ ಕೆಲಸ. ನೆಲಕ್ಕೆ ಸಮನಾಗಿ ಹಾಸಿದ ಉದ್ದನೆಯ ಕಬ್ಬಿಣದ ವೇದಿಕೆ, ಪಕ್ಕದಲ್ಲಿ ಗಾಜಿನ ಕಿಟಕಿಯ ಸಣ್ಣ ಕೋಣೆ, ಒಳಗೆ ಕೆಂಪು ಅಂಕಿ ತೋರಿಸುವ ಡಬ್ಬಿ, ಒಂದು ಕಂಪ್ಯೂಟರ್. ಹತ್ತಿ ಹೇರಿದ ಟ್ರ್ಯಾಕ್ಟರ್ ಬಂದರೆ ಒಮ್ಮೆ ತೂಗಬೇಕು, ಇಳಿಸಿ ಹೊರಟಾಗ ಖಾಲಿ ಟ್ರ್ಯಾಲಿಯನ್ನು ಇನ್ನೊಮ್ಮೆ ತೂಗಬೇಕು. ಚೀಟಿಯನ್ನು ರೈತನಿಗೆ ಕೊಟ್ಟು, ಅದರ ನಕಲನ್ನು ಹುಬ್ಬಳ್ಳಿಯಲ್ಲಿರುವ ಸಾವುಕಾರರಿಗೆ ಮೇಲ್ ಮಾಡಬೇಕು. ನಾಲ್ಕು ವರ್ಷದಲ್ಲಿ ಅವಳಿಗೆ ಕಾಟಾ ಗುರವ್ವ ಎಂದೇ ಹೆಸರಾಯಿತು.

ಮಿಲ್ಲಿನಲ್ಲಿ ಎರಡು ಕಟ್ಟುಪಾಡುಗಳಿದ್ದವು. ಬೀಡಿ, ಕಡ್ಡಿಪೆಟ್ಟಿಗೆ, ಫೋನು ಎಲ್ಲವನ್ನೂ ಗೇಟಿನಲ್ಲೇ ಇಟ್ಟು ಒಳಗೆ ಬರಬೇಕು. ಹತ್ತಿಗೆ ಕಿಡಿ ಸಾಕು, ಅದು ಗುರವ್ವನಿಗೂ ಒಪ್ಪಿಗೆಯಿತ್ತು. ಎರಡನೆಯದು ಮ್ಯಾನೇಜರ್ ಕಾಶಿನಾಥ ಮಾಡಿದ್ದು. ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವನು ಸಿನಿಮಾ ನೋಡುತ್ತ ಒಂದೇ ಹೇರಿಗೆ ಎರಡು ಚೀಟಿ ಕೊಟ್ಟಿದ್ದನಂತೆ. ಅದಕ್ಕಾಗಿ ಕಾಟಾದ ಕಂಪ್ಯೂಟರಿನಲ್ಲಿ ಮೇಲ್ ಹೋಗುವ ಬರುವ ದಾರಿಯೊಂದನ್ನು ಬಿಟ್ಟು ಇಂಟರ್‌ನೆಟ್ಟಿನ ಎಲ್ಲ ಬಾಗಿಲುಗಳನ್ನೂ ಮುಚ್ಚಿಸಿದ್ದ.

"ಮೇಲ್ ಅಷ್ಟ. ಬ್ಯಾರೆ ಏನೂ ಇಲ್ಲ," ಎಂದು ಮೊದಲನೆಯ ದಿನವೇ ಹೇಳಿದ್ದ. "ಕಾಟಾದಾಗ ಕೂಡಾವ್ರಿಗೆ ಜಗತ್ತು ಯಾಕ ಬೇಕು?"

ಆ ಕೊನೆಯ ಮಾತು ಗುರವ್ವನ ಎದೆಯಲ್ಲಿ ಜಾಲಿಮುಳ್ಳಿನ ಹಾಗೆ ಉಳಿದಿತ್ತು. ಸುಗ್ಗಿಯಲ್ಲಿ ಉಸಿರು ಬಿಡಲು ಪುರಸೊತ್ತಿಲ್ಲ, ನಿಜ. ಆದರೆ ಸುಗ್ಗಿ ಮುಗಿದ ಮೇಲೆ ದಿನಕ್ಕೆ ಎರಡೋ ಮೂರೋ ಗಾಡಿ. ಉಳಿದ ಹೊತ್ತೆಲ್ಲ ಕೆಂಪು ಸೊನ್ನೆಯನ್ನು ನೋಡುತ್ತ ಕೂರಬೇಕು.

ಹಾದಿ ತೋರಿಸಿದವನು ಗೌಸ್. ಅಣ್ಣಿಗೇರಿಯವನೇ. ಆರು ವರ್ಷ ಸರಕಿನ ಹಡಗಿನಲ್ಲಿ ವಿದ್ಯುತ್ ಕೆಲಸ ಮಾಡಿ, ಊರಿಗೆ ಬಂದು ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟಿದ್ದ. ಪ್ರಿಂಟರ್ ಕೆಟ್ಟಿದೆಯೆಂದು ಬಂದವನ ಮುಂದೆ ಗುರವ್ವ ತನ್ನ ಸಂಕಟ ಹೇಳಿಕೊಂಡಾಗ ಅವನು ನಕ್ಕ.

"ಅಕ್ಕಾರ, ಸಮುದ್ರದ ನಡುವ ನಮಗೂ ಬರೇ ಮೇಲ್ ಇತ್ರಿ. ಓದಬೇಕಾದ ಪುಟದ ಹೆಸರು ಮೇಲ್‌ನಾಗ ಬರದು ಕಳಸ್ತಿದ್ವಿ. ದಂಡಿ ಮ್ಯಾಲಿನ ಒಂದು ಕಂಪ್ಯೂಟರ್ ಆ ಪುಟಾ ತಗದು, ಚಿತ್ರ ಗಿತ್ರ ಎಲ್ಲಾ ಕಿತ್ತಿ, ಬರೇ ಅಕ್ಷರ ತಿರುಗಿ ಕಳಸ್ತಿತ್ತು. ಅಂಥಾದ್ದೊಂದು ನನ್ನ ಅಂಗಡ್ಯಾಗೂ ಮಾಡಿ ಇಟ್ಟೀನಿ. ಸುಮ್ನ, ಹಳೇ ಚಟ."

"ಮನಶ್ಯಾ ಓದಿ ಉತ್ತರಾ ಬರೀತಾನೇನು?"

"ಮನಶ್ಯಾ ಎಲ್ಲಿದಾನ್ರಿ? ಯಂತ್ರ. ನೀವು ಕೇಳೂದು, ಅದು ತಂದು ಕೊಡೂದು. ನಾ ಮಲಗಿದ್ರೂ ಅದು ಎಚ್ಚರ ಇರ್ತೈತಿ."

ಚೀಟಿಯ ಹಿಂದೆ ಒಂದು ವಿಳಾಸ ಬರೆದುಕೊಟ್ಟು ಹೋದ. ಗುರವ್ವ ಎರಡು ದಿನ ಯೋಚಿಸಿದಳು. ಏನನ್ನು ಕೇಳುವುದು? ಕೊನೆಗೆ, ನಾಲ್ಕು ವರ್ಷದಿಂದ ತನ್ನ ಕಣ್ಣೆದುರಿಗೇ ಇದ್ದದ್ದನ್ನು ಕೇಳಿದಳು: ಗಾಡಿ ತೂಗುವ ಕಾಟಾ ಹೇಗೆ ತೂಗುತ್ತದೆ?

ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಮೇಲ್ ಬಂತು, ಹುಡುಕಿ ತೆಗೆದ ಪುಟಗಳ ಪಟ್ಟಿ. ಪ್ರತಿ ಹೆಸರಿನ ಮುಂದೆ ಒಂದು ಅಂಕಿ. ಯಾವುದು ಬೇಕೋ ಅದರ ಅಂಕಿ ಬರೆದು ಕಳಿಸಬೇಕು. ಮೂರು ಎಂದು ಬರೆದಳು. ಪುಟ ಉದ್ದವಾಗಿದ್ದರಿಂದ ಐದು ತುಂಡಾಗಿ ಬಂತು. ಇಂಗ್ಲಿಷು, ತೊಡಕಾಗಿತ್ತು. ಮಗನ ನಿಘಂಟನ್ನು ಮರುದಿನ ಊಟದ ಡಬ್ಬಿಯ ಜೊತೆ ತಂದು ಒಂದೊಂದೇ ಮಾತು ಬಿಡಿಸಿಕೊಂಡು ಓದಿದಳು. ಕನ್ನಡದ ಪುಟ ಕೇಳಿದರೆ ಬರೀ ಪ್ರಶ್ನೆಯ ಚಿಹ್ನೆಗಳು ಸಾಲುಗಟ್ಟಿ ಬರುತ್ತಿದ್ದವು. ಸಂತೆಗೆ ಹೋದಾಗ ಗೌಸನನ್ನು ತರಾಟೆಗೆ ತೆಗೆದುಕೊಂಡಳು. "ನಿನ್ನ ಯಂತ್ರಕ್ಕ ಕನ್ನಡಾ ಬರೂದಿಲ್ಲೇನು?" ವಾರದೊಳಗೆ ಕನ್ನಡವೂ ಬಂತು.

ಅಲ್ಲಿಂದ ಗುರವ್ವನನ್ನು ಹಿಡಿಯುವವರಿರಲಿಲ್ಲ. ಮಿಲ್ಲಿನ ಹತ್ತಿ ಗಂಟುಗಳು ಕೊನೆಗೆ ಯಾವ ಊರು ಸೇರುತ್ತವೆ, ಜೇನು ದಾರಿ ಹೇಗೆ ನೆನಪಿಡುತ್ತದೆ, ಚಂದ್ರನ ಮೇಲೆ ನಿಂತರೆ ತನ್ನ ತೂಕ ಎಷ್ಟು, ಒಂದಾದ ಮೇಲೊಂದು ಕೇಳಿದಳು. ಪತ್ರ ಹಾಕಿದವರ ಹಾಗೆ ಕಾಯುವುದರಲ್ಲಿ ಒಂದು ಸುಖವಿತ್ತು. ಕಾಯುವಾಗ ಗಾಡಿ ಬಂದರೆ ತೂಗುವಳು. ಒಂದು ಗಾಡಿಯನ್ನೂ ತಡ ಮಾಡಲಿಲ್ಲ, ಒಂದು ಚೀಟಿಯೂ ತಪ್ಪಲಿಲ್ಲ. ಗಂಡನ ಫೋನಿನಲ್ಲಿ ಇದೆಲ್ಲ ಕ್ಷಣದಲ್ಲಿ ಸಿಗುತ್ತದೆಂದು ಅವಳಿಗೂ ಗೊತ್ತಿತ್ತು. ಆದರೆ ಈ ಕುರ್ಚಿಯಲ್ಲಿ ಕೂತು ಓದಬಾರದೆಂದು ಹೇಳಿದ್ದರಲ್ಲ, ಹಾಗಾಗಿ ಈ ಕುರ್ಚಿಯಲ್ಲೇ ಕೂತು ಓದಬೇಕಿತ್ತು.

ಕಾಟಾದ ಬಗ್ಗೆ ಓದಿದ್ದರಲ್ಲಿ ಒಂದು ಸಂಗತಿ ಮಾತ್ರ ಅವಳ ತಲೆಯಿಂದ ಇಳಿಯಲಿಲ್ಲ. ವೇದಿಕೆಯ ಕೆಳಗೆ ಮೂಲೆಮೂಲೆಗೆ ಭಾರ ಅಳೆಯುವ ಕಂಬಗಳಿರುತ್ತವೆ. ಒಂದು ಕೆಟ್ಟರೂ ಆ ತುದಿಯಲ್ಲಿ ನಿಂತ ಭಾರ ಕಡಿಮೆ ಕಾಣುತ್ತದೆ, ಭಾರ ಹೆಚ್ಚಿದಷ್ಟೂ ಕೊರತೆಯೂ ಹೆಚ್ಚು. ಒಂದೇ ಗಾಡಿಯನ್ನು ಎರಡೂ ತುದಿಗೆ ನಿಲ್ಲಿಸಿ ನೋಡಿದರೆ ಗುಟ್ಟು ಬಯಲು. ಮಿಲ್ಲಿನ ಟ್ರ್ಯಾಕ್ಟರ್ ಓಡಿಸುವ ಹೊಳೆಯಪ್ಪನನ್ನು ಕರೆದಳು. ಟ್ರ್ಯಾಲಿ ಬಿಚ್ಚಿದ ಟ್ರ್ಯಾಕ್ಟರ್ ಮೂಡಣ ತುದಿಯಲ್ಲಿ ಎರಡು ಸಾವಿರದ ನೂರಾ ಅರವತ್ತು ಕಿಲೋ ತೂಗಿತು. ಪಡುವಣ ತುದಿಯಲ್ಲಿ ಎರಡು ಸಾವಿರದ ನೂರು. ರೈತರ ಟ್ರ್ಯಾಲಿಗಳು ನಿಲ್ಲುತ್ತಿದ್ದದ್ದು ಪಡುವಣ ತುದಿಗೇ.

ಕಾಶಿನಾಥನಿಗೆ ಹೋಗಿ ಹೇಳಿದಳು. ಅವನು ಕಿಸೆಯಿಂದ ತೆಗೆದ ಫೋನಿನಲ್ಲಿ ಏನೋ ನೋಡುತ್ತಿದ್ದ. ಗೇಟಿನ ಕಟ್ಟುಪಾಡು ಅವನಿಗಿರಲಿಲ್ಲ.

"ಯಾರು ಹೇಳಿದ್ರು ನಿನಗ?"

"ಓದೀನ್ರಿ."

"ನಿನ್ನ ಕೆಲಸ ಗುಂಡಿ ಒತ್ತೂದು. ಒತ್ತು."

ಗುರವ್ವ ಮರಳಿ ಬಂದು ಇನ್ನೊಂದು ಪುಟ ತರಿಸಿದಳು. ವ್ಯಾಪಾರದ ಇಂಥ ಕಾಟಾವನ್ನು ಸರಕಾರದವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು, ಆ ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಅವಳ ಕೋಣೆಯಲ್ಲಿ ಅದು ಬೀಜದ ಕಂಪನಿಯ ಕ್ಯಾಲೆಂಡರಿನ ಹಿಂದೆ ಸಿಕ್ಕಿತು. ಮುದ್ರೆಯ ತಾರೀಖು ಎರಡು ವರ್ಷ ಹಳೆಯದು. ಕ್ಯಾಲೆಂಡರನ್ನು ಬೇರೆ ಮೊಳೆಗೆ ಹಾಕಿ, ಪ್ರಮಾಣಪತ್ರವನ್ನು ಒರೆಸಿ ಗಾಜಿನ ಕಡೆ ತಿರುಗಿಸಿ ಇಟ್ಟಳು. "ಸುಗ್ಗಿ ಮೊದ್ಲ ಮಾಡಸ್ತೀನಿ ಬಿಡು," ಎಂದ ಕಾಶಿನಾಥ. ಸುಗ್ಗಿ ಬಂತು. ಮಾಡಿಸಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಅವನು ಯಾವುದೋ ಹಳೆಯ ಚೀಟಿ ಹುಡುಕಲು ಅವಳ ಕಂಪ್ಯೂಟರಿನ ಮುಂದೆ ಕೂತ. ಕಳಿಸಿದ ಮೇಲುಗಳ ಪೆಟ್ಟಿಗೆಯಲ್ಲಿ ಒಂದೇ ವಿಳಾಸಕ್ಕೆ ಮುನ್ನೂರ ಹನ್ನೆರಡು ಪತ್ರಗಳಿದ್ದವು. ಅವನ ಮುಖ ಕೆಂಪಾಯಿತು. ಹೊರಗೆ ಹಮಾಲರು ನಿಂತಿದ್ದರು. ಅವರಿಗೆ ಕೇಳಲೆಂದೇ ದನಿ ಏರಿಸಿದ.

"ಯಾರವ್ವಾ ಇಂವಾ? ದಿನಾ ನಾಲ್ಕ್ ನಾಲ್ಕ್ ಪತ್ರ ಬರ್ಯಾಕತ್ತಿ? ಮನ್ಯಾಗ ಈರೇಶಗ ಗೊತ್ತೈತೋ ಇಲ್ಲೋ?"

ಹಮಾಲರಲ್ಲಿ ಒಬ್ಬಿಬ್ಬರು ಕಿಸಕ್ಕೆಂದರು. ಗುರವ್ವನ ಕಿವಿ ಕಾದವು. ಒಂದು ಗಳಿಗೆ ನೆಲ ನೋಡಿದಳು. ಆಮೇಲೆ ಕಿಟಕಿಯ ಗಾಜನ್ನು ಪೂರ್ತಿ ಸರಿಸಿ ತೆರೆದಳು.

"ಓದ್ರಿ ಸರ್ರ. ಎಲ್ಲಾರಿಗೂ ಕೇಳೂವಂಗ ಓದ್ರಿ. ನೀವು ಓದೂದಿಲ್ಲಂದ್ರ ನಾ ಓದ್ತೀನಿ."

ಓದತೊಡಗಿದಳು. "ಜೇನು ದಾರಿ ಹ್ಯಾಂಗ ನೆನಪಿಡತಾವು. ಎರಡನೇ ತುಂಡು ಕಳಸು. ಕಾಟಾದ ಮುದ್ರೆ ಎಷ್ಟು ದಿನಕ್ಕೊಮ್ಮೆ. ಮೂರನೇ ತುಂಡು ಕಳಸು." ಹಮಾಲರ ನಗೆ ಈಗ ಬೇರೆ ಕಡೆ ತಿರುಗಿತು. ಕಾಶಿನಾಥ ಎದ್ದು ನಿಂತ.

"ಎಲ್ಲಾ ಅಳಸಿ ಹಾಕು."

"ಅಳಸಾಂಗಿಲ್ರಿ. ಕಳ್ಳತನ ಮಾಡಿಲ್ಲ."

"ನೆಟ್ ಬಳಸಬ್ಯಾಡ ಅಂದಿದ್ದೆ."

"ಮೇಲ್ ಅಷ್ಟ ಅಂದಿದ್ರಿ. ಮೇಲ್ ಅಷ್ಟ ಬಳಸೀನಿ."

"ನಾಳಿಂದ ಅದೂ ಬಂದ್!" ಎಂದು ಬಾಗಿಲು ಬಡಿದು ಹೋದ.

ನಾಳೆಯಿಂದ ಎಂದಿದ್ದನಲ್ಲ, ಇವತ್ತು ಇನ್ನೂ ಒಂದು ತಾಸು ಬಾಕಿ ಇತ್ತು. ಗುರವ್ವ ಆ ತಾಸಿನಲ್ಲಿ ಎರಡು ಮೇಲ್ ಬರೆದಳು. ಒಂದು ತೂಕ ಮತ್ತು ಅಳತೆ ನೋಡುವ ಸರಕಾರದ ಕಚೇರಿಗೆ, ಅದರ ವಿಳಾಸವನ್ನೂ ಗೌಸನ ಯಂತ್ರವೇ ತಂದುಕೊಟ್ಟಿತ್ತು. ಇನ್ನೊಂದು ಸಾವುಕಾರರಿಗೆ, ಸರಕಾರಕ್ಕೂ ಬರೆದದ್ದನ್ನು ಮುಚ್ಚಿಡದೆ. ಎರಡರಲ್ಲೂ ಎರಡು ತುದಿಯ ತೂಕ, ಮುದ್ರೆಯ ತಾರೀಖು, ಕೆಳಗೆ ತನ್ನ ಪೂರ್ತಿ ಹೆಸರು. ಹೆಸರಿಲ್ಲದೆ ಬರೆಯಬಹುದಿತ್ತು ಎಂದು ಆಮೇಲೆ ಹಲವರು ಬುದ್ಧಿ ಹೇಳಿದರು. ಅವಳಿಗೆ ಅದು ಹೊಳೆದೂ ಇರಲಿಲ್ಲ.

ಸಂಜೆ ರೊಟ್ಟಿ ಬಡಿಯುತ್ತ ಗಂಡನಿಗೆ ಎಲ್ಲ ಹೇಳಿದಳು, ಕಾಶಿನಾಥ ಆಡಿದ ಮಾತನ್ನೂ ಬಿಡದೆ. ಈರೇಶ ತಟ್ಟೆಯಲ್ಲಿದ್ದ ರೊಟ್ಟಿ ಮುರಿದ.

"ಕೆಲ್ಸಾ ಹೋದ್ರ?"

"ಹೋಗ್ಲಿ."

"ಹಂಗಾರ ಇನ್ನೊಂದ್ ರೊಟ್ಟಿ ಹಾಕು," ಎಂದ.

ಮರುದಿನ ಬೆಳಗ್ಗೆ ಮೇಲ್ ನಿಂತಿತ್ತು. ಮೊದಲು ಬಂದದ್ದು ತಿರ್ಲಾಪುರದ ಲಕ್ಷ್ಮವ್ವನ ಟ್ರ್ಯಾಲಿ. ಆಕೆ ತನ್ನ ಹತ್ತಿಯನ್ನು ತಾನೇ ಮಾರುವ ಗಟ್ಟಿಗಿತ್ತಿ, ಹೇರಿನ ಮೇಲೆಯೇ ಕೂತು ಬಂದಿದ್ದಳು. ಗುರವ್ವ ಕೋಣೆಯಿಂದ ಹೊರಗೆ ಬಂದು ನಿಂತಳು.

"ಯಕ್ಕಾ, ಈ ಕಾಟಾ ಪಡುವಣ ತುದಿಗೆ ಕಡಿಮಿ ತೂಗತೈತಿ. ಎರಡು ವರ್ಷಾತು, ಮುದ್ರಿ ಇಲ್ಲ. ನಿಮ್ಮ ಕಣ್ಣಿಲೆ ನೋಡ್ರಿ."

ಡ್ರೈವರನಿಗೆ ಟ್ರ್ಯಾಲಿ ಬಿಚ್ಚಲು ಹೇಳಿ, ಬರೀ ಟ್ರ್ಯಾಕ್ಟರನ್ನು ಒಂದು ತುದಿಗೆ ನಿಲ್ಲಿಸಿ ಅಂಕಿ ಕೂಗಿದಳು. ಇನ್ನೊಂದು ತುದಿಗೆ ನಿಲ್ಲಿಸಿ ಮತ್ತೆ ಕೂಗಿದಳು. ಲಕ್ಷ್ಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹಿಂಗೇನು? ನಾ ಇಳಸಾಂಗಿಲ್ಲ. ನನ್ನ ಹಿಂದಿನಾವ್ರೂ ಇಳಸಾಂಗಿಲ್ಲ. ಏಯ್, ಗಾಡಿ ನಿಂದರಸ್ರಿ!"

ಅರ್ಧ ತಾಸಿನಲ್ಲಿ ಹನ್ನೊಂದು ಟ್ರ್ಯಾಕ್ಟರುಗಳು ಡಾಂಬರು ರಸ್ತೆಯವರೆಗೆ ಸಾಲು ನಿಂತವು. ಓಡಿ ಬಂದ ಕಾಶಿನಾಥ ಕೋಣೆಯ ಬಾಗಿಲಿಗೆ ಕೈ ಹಚ್ಚಿದ. ಗುರವ್ವ ಕೀಲಿ ಹಾಕಿ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಕೀಲಿಕೈ ಕೊಡು."

"ಸಾವ್ಕಾರ್ರ ಕೈಯಾಗ ಕೊಡ್ತೀನ್ರಿ."

"ನಿನ್ನ ತಗದು ಹಾಕೀನಿ, ತಿಳ್ಕೊ."

"ಅದನ್ನೂ ಅವ್ರಽ ಹೇಳ್ಲಿ."

ಸಾವುಕಾರರು ಮಧ್ಯಾಹ್ನದ ಹೊತ್ತಿಗೆ ಬಂದರು. ಮೇಲ್ ಓದಿಕೊಂಡೇ ಬಂದಿದ್ದರು. ಅವರು ಮೊದಲು ನೋಡಿದ್ದು ಗುರವ್ವನನ್ನಲ್ಲ, ಟ್ರ್ಯಾಕ್ಟರುಗಳ ಸಾಲನ್ನು. ಈ ಸಾಲು ಎದುರಿನ ಮಿಲ್ಲಿಗೆ ತಿರುಗಿದರೆ ಏನಾದೀತೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಸರಕಾರಕ್ಕ ಬರಿಯೂ ಮದ್ಲ ನನಗೊಂದು ಫೋನ್ ಮಾಡಬಾರದಿತ್ತೇನವ್ವ?" ಎಂದರು ಹಲ್ಲು ಕಚ್ಚಿ.

"ಫೋನು ಗೇಟಿನ್ಯಾಗ ಇಟಗೋತೀರಲ್ರಿ."

ಸಾಲಿನಲ್ಲಿದ್ದವರು ನಕ್ಕರು. ಸಾವುಕಾರರು ನಗಲಿಲ್ಲ. ಅಂದಿನ ಹತ್ತಿಯನ್ನೆಲ್ಲ ಮಾರುಕಟ್ಟೆಯ ಕಾಟಾದಲ್ಲಿ ತೂಗಿಸಿಕೊಂಡು ಬರಲು ಹೇಳಿದರು. ಎರಡು ದಿನದಲ್ಲಿ ಕೆಲಸಗಾರರು ಬಂದು ವೇದಿಕೆ ಎತ್ತಿದರು. ಪಡುವಣ ಮೂಲೆಯಲ್ಲಿ ಹತ್ತಿಕಾಳು, ಕೆಸರು ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿದ್ದವು, ಕಂಬವೊಂದು ಸೀಳಿತ್ತು. ಕಾಶಿನಾಥನಿಗೆ ಇದು ಮೊದಲೇ ಗೊತ್ತಿತ್ತೋ, ಬರೀ ಸೋಮಾರಿತನವೋ, ಗುರವ್ವನಿಗೆ ಇಂದಿಗೂ ತಿಳಿಯದು. ಹದಿನೈದು ದಿನದ ಮೇಲೆ ಕಚೇರಿಯವರು ತೂಕದ ಕಲ್ಲುಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ನಾಲ್ಕೂ ಮೂಲೆ ಪರೀಕ್ಷಿಸಿ, ದಂಡದ ಕಾಗದ ಕೊಟ್ಟು, ಸೀಸದ ಮುದ್ರೆ ಒತ್ತಿ ಹೋದರು.

ಸಾವುಕಾರರು ಗುರವ್ವನನ್ನು ಕೆಲಸದಿಂದ ತೆಗೆಯಲಿಲ್ಲ. ಗೋದಾಮಿನಲ್ಲಿ ಗಂಟು ಎಣಿಸುವ ಕೆಲಸಕ್ಕೆ ಹಾಕುತ್ತೇವೆ, ಅಲ್ಲಿ ನೆರಳಿದೆ ಎಂದು ಕಳಿಸನೋಡಿದರು. "ನೆರಳು ಇಲ್ಲೂ ಐತ್ರಿ," ಎಂದಳು ಗುರವ್ವ. ಕಾಟಾದಲ್ಲಿ ಗುರವ್ವ ಇದ್ದಾಳೋ ಇಲ್ಲವೋ ಎಂದು ಗೇಟಿನಲ್ಲೇ ಕೇಳಿ ಗಾಡಿ ಒಳಗೆ ಬಿಡುವ ರೈತರು ಅಷ್ಟರಲ್ಲಾಗಲೇ ಬಹಳ ಜನವಾಗಿದ್ದರು. ಸಾವುಕಾರರು ಮತ್ತೆ ಆ ಮಾತು ಎತ್ತಲಿಲ್ಲ.

ಚೀಟಿಯ ನಕಲು ಹೋಗಲೇಬೇಕಲ್ಲ, ಮೇಲ್ ಮತ್ತೆ ಶುರುವಾಯಿತು. ಜೊತೆಗೆ ಕಾಶಿನಾಥ ಬೆರಳಚ್ಚು ಮಾಡಿಸಿದ ಒಂದು ಹಾಳೆ ತಂದು ಮೇಜಿನ ಮೇಲಿಟ್ಟ. ಮಿಲ್ಲಿನ ಮೇಲನ್ನು ಮಿಲ್ಲಿನ ಕೆಲಸಕ್ಕಲ್ಲದೆ ಬೇರೆ ಯಾವುದನ್ನೂ ಓದಲು ಬಳಸತಕ್ಕದ್ದಲ್ಲ ಎಂದು ಅದರಲ್ಲಿತ್ತು. ಓದಿ ಸಹಿ ಹಾಕಬೇಕು. ಗುರವ್ವ ಎರಡು ಸಲ ಓದಿದಳು. ಪೆನ್ನು ತೆಗೆದು ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದಳು: "ಓದಿದ್ದೇನೆ. ಒಪ್ಪಿಲ್ಲ." ಅದರ ಕೆಳಗೆ ನೀಟಾಗಿ ಸಹಿ ಮಾಡಿ ಹಾಳೆಯನ್ನು ಅವನ ಕೈಗಿತ್ತಳು.