ನೂಲು ನುಂಗಿದ ಗಿನಿಪಿಗ್

ನೇಕಾರರ ಮನೆಗೆ ಇಲಿಯೆಂದರೆ ಆಗದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸನ್ನು ಒಮ್ಮೆ ಕಡಿದರೆ ಮುಗಿಯಿತು, ಎಳೆ ಎಳೆ ಹುಡುಕಿ ಗಂಟು ಹಾಕುವಷ್ಟರಲ್ಲಿ ಕಣ್ಣು ಹೋಗುತ್ತವೆ. ಬನಹಟ್ಟಿಯ ನಮ್ಮ ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್‌ಗಳಿವೆ, ಹಿಂಭಾಗದಲ್ಲಿ ನಾವಿದ್ದೇವೆ. ಇಂಥ ಮನೆಗೆ ನನ್ನ ಮಗಳು ಗೆಳತಿಯ ಮನೆಯಿಂದ ಗಿನಿಪಿಗ್ ಮರಿಯೊಂದನ್ನು ಊಟದ ಚೀಲದಲ್ಲಿ ಇಟ್ಟುಕೊಂಡು ಬಂದಳು. ನೋಡಿದ್ದೇ ತಡ, ಅತ್ತೆ ಕಸಬರಿಗೆ ಎತ್ತಿಕೊಂಡರು.

“ಬಾಲಿಲ್ಲದ ಇಲಿ ಐತಿದು! ಮೊದಲ ಹೊರಗ ಬಿಟ್ಟ ಬಾ.”

“ಇಲಿ ಅಲ್ಲ ಬೇ ಆಯಿ, ಗಿನಿಪಿಗ್.”

“ಪಿಗ್ ಅಂದ್ರೇನ?”

ಮಗಳು ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅತ್ತೆಗೆ ಆ ಪದವನ್ನು ಕನ್ನಡದಲ್ಲಿ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. “ಮೊಲದ ತಮ್ಮ ಇದ್ದಂಗರೀ,” ಎಂದು ನಾನೇ ತೇಲಿಸಿಬಿಟ್ಟೆ.

ಆರು ತಿಂಗಳೊಳಗೆ ಮನೆಯ ಲೆಕ್ಕಾಚಾರವೇ ಬದಲಾಯಿತು. ಮಗಳು ಕಾಲೇಜು, ಮೊಬೈಲು ಎಂದು ಹಾಸ್ಟೆಲಿಗೆ ಹೊರಟುಹೋದಳು. ಅತ್ತೆ ಮಧ್ಯಾಹ್ನವಿಡೀ ಕಂಡಿಕೆ ಸುತ್ತುತ್ತ, ಅಂದರೆ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ತುಂಬುತ್ತ ಕೂರುವವರು. ಅವರ ಪಕ್ಕದಲ್ಲೇ ಗಿನಿಪಿಗ್‌ನ ಡಬ್ಬಿ ಬಂತು, ಆಮೇಲೆ ಡಬ್ಬಿಯಿಂದ ಅದು ಅವರ ತೊಡೆಗೆ ಬಂತು. ಹೆಸರಿಡಲಿಲ್ಲ, ‘ಇವಾ’ ಎಂದರೆ ಅವನೇ. ನಾಲ್ಕು ಮಗ್ಗಗಳ ಗದ್ದಲದಲ್ಲಿಯೂ ಕೊತ್ತಂಬರಿಗಾಗಿ ಅವನು ‘ವೀಕ್’ ಎಂದರೆ ಅತ್ತೆಗೆ ಕೇಳಿಸುತ್ತಿತ್ತು. ಅಡುಗೆಮನೆಯಿಂದ ನಾನು ಕೂಗಿದರೆ ಮಾತ್ರ ಕೇಳಿಸುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ನಾನೊಂದು ಜಾಣತನ ಮಾಡಿದೆ. ಅವನ ಡಬ್ಬಿಗೆ ಹಾಸುತ್ತಿದ್ದ ಹುಲ್ಲು ಮುಗಿದಿತ್ತು. ಮಗ್ಗದ ಕೆಳಗೆ ಕತ್ತರಿಸಿ ಬಿದ್ದ ನೂಲು ರಾಶಿಗಟ್ಟಲೆ ಇತ್ತು. ಮೆತ್ತಗೆ, ಬೆಚ್ಚಗೆ, ಕೂಸಿನ ತೊಟ್ಟಿಲಿಗೂ ಹಾಕಬಹುದಾದಂಥದು. ಎರಡು ಹಿಡಿ ತಂದು ಹುಲ್ಲಿನ ಬದಲು ಅದನ್ನೇ ಹಾಸಿದೆ. ಹಾಸಿನ ನೂಲು ಗಟ್ಟಿಯಾಗಲೆಂದು ಅದಕ್ಕೆ ಗಂಜಿ ಹಾಕಿರುತ್ತಾರೆ. ಮದುವೆಯಾಗಿ ಬಂದು ಇಪ್ಪತ್ತು ವರ್ಷ ಆ ಗಂಜಿಯ ವಾಸನೆಯಲ್ಲೇ ಉಸಿರಾಡಿದ್ದೇನೆ, ಆದರೂ ಅದೊಂದು ತಿನ್ನುವ ಪದಾರ್ಥ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತು.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಕೊತ್ತಂಬರಿ ಕಟ್ಟು ಬಿಚ್ಚಿದರೂ ಅವನು ಏಳಲಿಲ್ಲ. ಕೂದಲು ನಿಮಿರಿಸಿಕೊಂಡು ಮೂಲೆಯಲ್ಲಿ ಮುದುಡಿ ಕೂತಿದ್ದ, ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಡಬ್ಬಿಯಲ್ಲಿ ಒಂದೇ ಒಂದು ಹಿಕ್ಕೆ ಇರಲಿಲ್ಲ. ನಾನು ಡಬ್ಬಿ ತೊಳೆಯುವ ನೆಪ ಮಾಡಿ ಹಾಸಿದ ನೂಲನ್ನೆಲ್ಲ ತೆಗೆದು ಕಸಕ್ಕೆ ಹಾಕಿದೆ. ಅರ್ಧದಷ್ಟೇ ಉಳಿದಿತ್ತು. ಮಿಕ್ಕರ್ಧ ಅವನ ಹೊಟ್ಟೆಯಲ್ಲಿತ್ತು.

ಕಂಡಿಕೆಯ ಬುಟ್ಟಿಯಲ್ಲಿ ಅವನನ್ನು ಮಲಗಿಸಿಕೊಂಡು ಅತ್ತೆ, ನಾನು ಜಮಖಂಡಿಯ ಬಸ್ಸು ಹತ್ತಿದೆವು. ದನದ ಡಾಕ್ಟರರ ಅಂಗಳದಲ್ಲಿ ನಮಗಿಂತ ಮೊದಲು ಒಂದು ಎಮ್ಮೆ, ಎರಡು ಆಡು ಮತ್ತು ಮುಧೋಳ ಕಡೆಯ ರೈತನೊಬ್ಬನ ಉದ್ದಕಾಲಿನ ಬೇಟೆನಾಯಿ ಇದ್ದವು. ನಾಯಿ ನಮ್ಮ ಬುಟ್ಟಿಯಿಂದ ಕಣ್ಣು ಕೀಳಲಿಲ್ಲ.

“ಮೊಲ ಏನ್ರೀ ಅದು?” ಎಂದು ರೈತ ವಿಚಾರಿಸಿದ.

“ನನ್ನ ಮೊಮ್ಮಗ,” ಎಂದು ಅತ್ತೆ ಬುಟ್ಟಿಗೆ ಸೆರಗು ಮುಚ್ಚಿದರು. “ನಿನ್ನ ನಾಯಿಗೆ ಆ ಕಡೆ ಮಾರಿ ಮಾಡಾಕ ಹೇಳು.”

ಒಳಗೆ ಹೋದಾಗ ಡಾಕ್ಟರರು ಅವನನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ನಾ ಎಮ್ಮಿ ನೋಡಾವ್ರೀ. ಇಂಥಾದ್ದು ಪುಸ್ತಕದಾಗಷ್ಟ ನೋಡೇನಿ,” ಎಂದವರು ಧಾರವಾಡದ ಗೆಳೆಯನಿಗೆ ಫೋನ್ ಹಚ್ಚಿದರು. ಅವರ ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ನನ್ನಲ್ಲಿ ಆಗ ಅದು ಇರಲಿಲ್ಲ.

“ದಾರ, ಪ್ಲಾಸ್ಟಿಕ್, ಏನರ ತಿಂದೈತೇನ್ರೀ?” ಎಂದು ಕೇಳಿದರು.

ಅತ್ತೆ ನನ್ನ ಕಡೆ ತಿರುಗಿದರು. “ಕೊತಂಬರಿ, ಹುಲ್ಲು, ಅಷ್ಟರೀ,” ಎಂದುಬಿಟ್ಟೆ.

ಅಂಗಳಕ್ಕೆ ಬಂದ ಮೇಲೆ ನನಗೆ ನಾನೇ ಹೇಸಿಗೆಯಾದೆ. ಚೀಲ ಮರೆತೆನೆಂದು ಹೇಳಿ ವಾಪಸು ಒಳಗೆ ಹೋಗಿ, ನೂಲಿನ ಕಥೆಯನ್ನೆಲ್ಲ ಹೇಳಿದೆ. ಡಾಕ್ಟರರು ಬರೆದ ಚೀಟಿ ಇಸಿದುಕೊಂಡು ಒಂದು ಔಷಧಿ ಹೊಡೆದುಹಾಕಿ ಇನ್ನೊಂದು ಬರೆದರು.

“ಖರೆ ಹೇಳಿದ್ದು ಛಲೋ ಆತು. ಇಷ್ಟ ಸಣ್ಣ ಹೊಟ್ಟಿ ಕೊಯ್ಯೂದು ನನ್ನ ಕೈಲೆ ಆಗಂಗಿಲ್ಲ. ಎರಡ ದಿನದಾಗ ಹಿಕ್ಕಿ ಹಾಕಿದ್ರ ಉಳಿತೈತಿ, ಇಲ್ಲಾಂದ್ರ ಇಲ್ಲ. ಹೊಟ್ಟಿ ತಿಕ್ಕರಿ, ಬೆಚ್ಚಗ ಇಡ್ರಿ, ಸಿರಿಂಜಿಲೆ ಸ್ವಲ್ಪ ಸ್ವಲ್ಪ ಹಾಕರಿ.”

ಬಸ್ಸಿನಲ್ಲಿ ಅತ್ತೆ ತಮ್ಮ ಸೀರೆಗೆ ಅಂಟಿದ್ದ ನೂಲಿನ ಎಳೆಗಳನ್ನು ಒಂದೊಂದಾಗಿ ಹೆಕ್ಕುತ್ತ ಕೂತಿದ್ದರು. “ದಾರ ತಿಂದೈತೇನು ಅಂದ್ರಲ್ಲ. ದಿನಾ ನನ್ನ ತೊಡಿ ಮ್ಯಾಲ ಕುಂದರತಿದ್ದ. ನನಗ ಕಣ್ಣ ಕಾಣಂಗಿಲ್ಲ. ನಾನ ತಿನಿಸೇನಿ ನೋಡು,” ಎಂದರು. ಆಗಲೇ ಹೇಳಬೇಕಿತ್ತು. ನಾನು ಕಿಟಕಿಯಾಚೆಯ ಕಬ್ಬು ನೋಡಿದೆ.

ಮನೆಯಲ್ಲಿ ಆಸ್ಪತ್ರೆ ಶುರುವಾಯಿತು. ಚಿಮ್ಮಡದ ಪರಿಚಯದವರ ಹೊಲದಿಂದ ಕುದುರೆಮೆಂತ್ಯದ ಮೇವು ತರಿಸಿ, ಮಿಕ್ಸರಿಗೆ ಹಾಕಿ, ಸೋಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಬಾಯಿಯ ಬದಿಯಿಂದ ಹನಿ ಹನಿಯಾಗಿ ಹಾಕುವುದು ನನ್ನ ಕೆಲಸ. ಮೊದಲ ನಾಲ್ಕು ಸಲ ಅವನು ನುಂಗಿದ್ದಕ್ಕಿಂತ ನನ್ನ ಕುಪ್ಪಸ ಕುಡಿದದ್ದು ಹೆಚ್ಚು. ಹೊಟ್ಟೆ ತಿಕ್ಕುವುದು ಅತ್ತೆಯ ಕೆಲಸ. ಎಳೆ ಹರಿಯದಂತೆ ಐವತ್ತು ವರ್ಷ ನೂಲು ಸುತ್ತಿದ ಬೆರಳುಗಳು ಅವು. ಅಷ್ಟು ಹಗುರವಾಗಿ ತಿಕ್ಕುವುದು ನನ್ನಿಂದ ಆಗುತ್ತಿರಲಿಲ್ಲ. ನನ್ನ ಗಂಡನೋ ನೂಲು ತೂಗುವ ತಕ್ಕಡಿಯಲ್ಲಿ ಅವನನ್ನು ಹೊತ್ತಿಗೊಮ್ಮೆ ತೂಗಿ, “ಇಳಿಯಾಕತ್ತೈತಿ,” ಎಂದು ಹೇಳಿ ಎಲ್ಲರ ಹೊಟ್ಟೆ ಉರಿಸುತ್ತಿದ್ದರು. ಅತ್ತೆ ಅವನ ಹಣೆಗೆ ವಿಭೂತಿ ಹಚ್ಚಿದರೆ ಅವನು ಸೀನಿದ. ಅಷ್ಟಕ್ಕೇ ನಮಗೆಲ್ಲ ಹಬ್ಬ.

ಆದರೆ ಅತ್ತೆ ಊಟ ಬಿಟ್ಟರು. ತಟ್ಟೆ ಇಟ್ಟರೆ, “ಅವಾ ತಿಂದ ಮ್ಯಾಲ ನೋಡೂಣು,” ಎನ್ನುತ್ತಿದ್ದರು. ತಪ್ಪು ಮಾಡಿದವಳು ಎರಡು ಹೊತ್ತು ಉಂಡು ಓಡಾಡುತ್ತಿದ್ದೆ. ಮಾಡದವರು ಉಪವಾಸ ಕೂತಿದ್ದರು.

ಮರುದಿನ ಮಧ್ಯಾಹ್ನ ಅತ್ತೆ ಹೊಸ ಆಜ್ಞೆ ಹೊರಡಿಸಿದರು. “ಮಗ್ಗ ಬಂದ್ ಮಾಡು. ಬ್ಯಾನಿ ಬಂದಾವ್ಗ ಈ ಖಟಪಟ ಸೇರಂಗಿಲ್ಲ.” ಗಂಡ ತಾಯಿಯ ಮುಖ ನೋಡಿ ಸ್ವಿಚ್ಚಿನ ಕಡೆ ನಡೆದರು. ನಾಲ್ಕೂ ಮಗ್ಗಗಳು ನಿಂತವು.

ಇದರ ಪರಿಣಾಮ ಏನೆಂದು ನಮ್ಮ ಓಣಿಯವರಿಗೆ ಹೇಳಬೇಕಿಲ್ಲ. ಕರೆಂಟ್ ಇದ್ದು, ಹಬ್ಬವೂ ಅಲ್ಲದೆ, ನಡುಮಧ್ಯಾಹ್ನ ಒಂದು ಮನೆಯ ಮಗ್ಗಗಳೆಲ್ಲ ಒಮ್ಮೆಲೇ ನಿಂತರೆ ಅಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಅತ್ತೆಗೆ ಎಪ್ಪತ್ತರ ಮೇಲೆ ವಯಸ್ಸು. ಹತ್ತು ನಿಮಿಷದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡ ಏಳೆಂಟು ಹೆಂಗಸರು ಹೊಸ್ತಿಲು ದಾಟಿದರು. ಎದುರುಮನೆಯ ಅಜ್ಜಿ ಆಗಲೇ ಅಳು ತೆಗೆದಿದ್ದರು. “ನನ್ನ ಜೋಡಿ ಕಂಡಿಕಿ ಸುತ್ತಿದಾಕಿ, ಹೇಳದ ಕೇಳದ ಹೋದೆಲ್ಲೇ...” ಎಂದು ರಾಗ ಎಳೆಯುತ್ತ ಒಳಗೆ ಬಂದು ನೋಡಿದರೆ, ಹೋದವರು ಕಂಬಕ್ಕೆ ಒರಗಿ ಕೂತು ಗಿನಿಪಿಗ್‌ನ ಹೊಟ್ಟೆ ತಿಕ್ಕುತ್ತಿದ್ದರು.

“ಯಾರ ಹೋಗ್ಯಾರ ಬೇ?” ಎಂದು ಅತ್ತೆ ಗಾಬರಿಯಿಂದ ಕೇಳಿದರು.

“ನೀನ!” ಎಂದರು ಅಜ್ಜಿ ಸಿಟ್ಟಿನಿಂದ.

ನಗು ತಡೆಯಲಾಗದೆ ನಾನು ಚಹಾ ಇಡಲು ಒಳಗೆ ಓಡಿದೆ. ಗಂಡ ಇದೇ ಸಮಯ ಸಾಧಿಸಿ ಮಗ್ಗ ಚಾಲೂ ಮಾಡಿದರು. ಬಂದವರು ಬಂದದ್ದಕ್ಕೆ ಸಲಹೆ ಕೊಡದೆ ಹೋಗುತ್ತಾರೆಯೇ? ಒಬ್ಬರು ಅಜವಾನದ ನೀರು ಅಂದರು, ಇನ್ನೊಬ್ಬರು ಔಡಲೆಣ್ಣೆ ಅಂದರು. ಡಾಕ್ಟರರು ಹೇಳಿದ್ದು ಬಿಟ್ಟು ಬೇರೇನೂ ಹಾಕುವುದಿಲ್ಲವೆಂದು ನಾನು ಸಿರಿಂಜು ಬಚ್ಚಿಟ್ಟುಕೊಂಡೆ.

ಅಷ್ಟರಲ್ಲಿ ಅತ್ತೆ ತಮ್ಮ ಸೀರೆಯ ನೂಲಿನ ಸಂಗತಿ ಹೇಳತೊಡಗಿದ್ದರು. ಎದುರುಮನೆಯ ಅಜ್ಜಿ ತಲೆಯಾಡಿಸಿ, “ಹೌದ ತಾಯಿ, ನಿನ್ನ ಸೀರಿದ ಇರಬೇಕ,” ಎಂದರು. ಅತ್ತೆಯ ಕೈ ಅವನ ಹೊಟ್ಟೆಯ ಮೇಲೆ ನಿಂತುಹೋಯಿತು. ನನಗೆ ತಡೆಯಲಾಗಲಿಲ್ಲ.

“ನಿಮ್ಮ ಸೀರಿದಲ್ರೀ ಅತ್ತಿ,” ಎಂದೆ. ಮಗ್ಗದ ಸದ್ದಿಗೆ ಕೇಳಿಸಲಿಲ್ಲವೆಂದು ಎರಡನೆಯ ಸಲ ಕೂಗಿಯೇ ಹೇಳಬೇಕಾಯಿತು. “ನೂಲ ಹಾಸಿದಾಕಿ ನಾನ! ಡಾಕ್ಟರ್‌ಗೆ ಹೇಳೇನಿ, ನಿಮಗ ಹೇಳಿರಲಿಲ್ಲ.”

ಓಣಿಯ ಅರ್ಧ ಹೆಂಗಸರ ಮುಂದೆ ನಾನು ಬೈಗುಳಕ್ಕೆ ಸಿದ್ಧವಾಗಿ ನಿಂತೆ. ಒಂದು ಚಿಟಿಕೆ ಉಪ್ಪು ಹೆಚ್ಚಾದರೂ ಮೂರು ಮನೆಗೆ ಕೇಳುವಂತೆ ಬೈಯುವ ಅತ್ತೆ ಅವತ್ತು ಬೈಯಲಿಲ್ಲ. ಅವನನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, “ನನ್ನ ಕೈ ಸೋತಾವು. ನೀ ತಿಕ್ಕು,” ಎಂದಷ್ಟೇ ಅಂದು ಗೋಡೆ ಕಡೆ ತಿರುಗಿ ಮಲಗಿದರು. ತಟ್ಟೆ ಹಾಗೆಯೇ ಉಳಿಯಿತು. ಅವರ ಬೆನ್ನು ನೋಡುತ್ತ ನನಗೆ ಅಳು ಬಂತು. ಅವನು ಹೋದರೆ ಈ ಮನೆಯಲ್ಲಿ ಅತ್ತೆ ನನ್ನೊಡನೆ ಮತ್ತೆಂದೂ ಜಗಳ ಆಡುವುದಿಲ್ಲ ಎಂದು ಖಾತ್ರಿಯಾಯಿತು, ಅದಕ್ಕೆ ಹೆದರಿದೆ.

ಮರುದಿನ ಬೆಳಿಗ್ಗೆ ಒಲೆಗೆ ಹಂಚು ಇಟ್ಟು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಪಡಸಾಲೆಯಿಂದ ಅತ್ತೆಯ ಕೂಗು ಕೇಳಿ, ಹಿಟ್ಟಿನ ಕೈಯಲ್ಲೇ ಓಡಿದೆ. ಅವರು ಕನ್ನಡಕ ಏರಿಸಿಕೊಂಡು, ಅಂಗೈಯನ್ನು ಬೆಳಕಿಗೆ ಹಿಡಿದು ಕೂತಿದ್ದರು. ಅಂಗೈಯಲ್ಲಿ ಮೂರು ಕಪ್ಪು ಹಿಕ್ಕೆಗಳು, ಮೂರೂ ಒಂದೇ ಕೆಂಪು ಎಳೆಗೆ ಪೋಣಿಸಿಕೊಂಡಿದ್ದವು. ಡಬ್ಬಿಯಲ್ಲಿ ಅವನು ಕೊತ್ತಂಬರಿಯ ಒಂದು ಎಲೆಯನ್ನು ಅನುಮಾನದಿಂದ ಮೂಸಿ, ಬಾಯಿಗೆ ಎಳೆದುಕೊಂಡ.

ಅತ್ತೆ ನನ್ನನ್ನು ನೋಡಿದರು.

“ತಲ್ಯಾಗ ಏನ ಐತೇ ನಿನಗ? ಗಂಜಿ ಹಾಕಿದ ನೂಲು ಹಾಸಿಗಿಗೆ ಹಾಕತಾರೇನ? ಇಪ್ಪತ್ತ ವರ್ಷ ನೇಕಾರರ ಮನ್ಯಾಗ ಇದ್ದು ಕಲತದ್ದ ಇಷ್ಟ? ಅದೂ ಸಾಲದಂತ ಸುಳ್ಳು ಬ್ಯಾರೆ ಹೇಳ್ತಿ! ನಿಮ್ಮವ್ವ ಇದನ್ನ ಕಲಿಸ್ಯಾಳೇನ?” ನಾಲ್ಕು ಮಗ್ಗಗಳ ಸದ್ದನ್ನು ಮೀರಿದ ದನಿ. ಎದುರುಮನೆಯ ಅಜ್ಜಿ ಕಟ್ಟೆಗೆ ಬಂದು ನಿಂತರು. ನನ್ನವ್ವನ ಸುದ್ದಿ ಬಂದಾಗ ನನಗೂ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಲೆಯ ಮುಂದೆ ಹೋಗಿ ಕೂತು ರೊಟ್ಟಿ ಬಡಿಯತೊಡಗಿದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ, ಹಿಟ್ಟಿಗೆ ಉಪ್ಪು ತಾನಾಗಿಯೇ ಬಿತ್ತು.

ಅತ್ತೆ ಬೈಯುತ್ತಲೇ ಬಂದು ನನ್ನ ಪಕ್ಕ ಮಣೆ ಹಾಕಿಕೊಂಡು ಕೂತರು. ಬೈಯುತ್ತಲೇ ಬಿಸಿ ರೊಟ್ಟಿ ಮುರಿದು ಬದನೆಕಾಯಿ ಪಲ್ಯಕ್ಕೆ ಅದ್ದಿ ಬಾಯಿಗಿಟ್ಟರು. ಎರಡು ರೊಟ್ಟಿ ಮುಗಿಯುವವರೆಗೂ ಬೈಗುಳ ನಿಲ್ಲಲಿಲ್ಲ.

“ಸುಮ್ಮ ಯಾಕ ಕುಂತಿ? ಇನ್ನೊಂದ ಹಾಕು,” ಎಂದು ತಟ್ಟೆ ಮುಂದೆ ಚಾಚಿದರು.