ಕಿವಿ ಮುರಿದ ಕಪ್ಪು, ಓದದ ಪುಸ್ತಕ

ಕಳೆದ ತಿಂಗಳು ದನದ ಕೊಟ್ಟಿಗೆಯ ಹಳೆ ಗೋಡೆ ಕೆಡವುವಾಗ ಗೂಡಿನೊಳಗಿಂದ ಒಂದು ಪಿಂಗಾಣಿ ಕಪ್ಪು ಸಿಕ್ಕಿತು. ಕಿವಿ ಮುರಿದದ್ದು. ಒಳಗೆ ಜೇಡ ಬಲೆ ಕಟ್ಟಿತ್ತು. ಸೊಸೆ ತಿಪ್ಪೆಗೆ ಎಸೆಯಲು ಹೊರಟಿದ್ದಳು, ನಾನು ಇಸಿದುಕೊಂಡೆ. ಕೂಲಿಯವರಿಗೆಂದೇ ನಮ್ಮ ಮನೆಯಲ್ಲಿ ಬೇರೆ ಇಟ್ಟಿದ್ದ ಕಪ್ಪು ಅದು. ಚಹಾ ಕುಡಿದವರೇ ತೊಳೆದು ಗೂಡಿನಲ್ಲಿ ಬೋರಲು ಹಾಕಿ ಹೋಗಬೇಕು. ನಮ್ಮಜ್ಜನ ಕಾಲದಿಂದ ಹಾಗೇ ನಡೆದಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ವಾಚನಾಲಯದ ಅಕ್ಕೋರು...

ಬೆಳವಣಕಿಯಿಂದ ಆಚೆಗಿರುವ ನಮ್ಮೂರಿಗೆ ಅವರು ಚಿಕ್ಕನರಗುಂದದಿಂದ ಬಂದಿದ್ದರು. ಪಂಚಾಯ್ತಿಯ ವಾಚನಾಲಯ ನೋಡಿಕೊಳ್ಳುವ ಕೆಲಸ. ಒಂದು ಕೋಣೆ, ಎರಡು ಕಪಾಟು. ಪ್ರತಿ ಪುಸ್ತಕಕ್ಕೂ ಹಳೆ ಕ್ಯಾಲೆಂಡರಿನ ಹಾಳೆ ಹೊದಿಸುತ್ತಿದ್ದರು. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲವಾದ್ದರಿಂದ ಕೂಲಿಯ ಹೆಣ್ಣುಮಕ್ಕಳಿಗೆ ಅಂದು ಬಿಡುವು. ಅವರು ಮೊರ ತಂದು ವಾಚನಾಲಯದ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತ ಕೂಡುವರು. ಅಕ್ಕೋರು ಬಾಗಿಲ ಹೊಸ್ತಿಲ ಮೇಲೆ ಕೂತು ಕಥೆ ಓದುವರು. ಅಕ್ಷರ ಬಾರದ ಆ ಹೆಂಗಸರು ನಡುನಡುವೆ ಮೊರ ನಿಲ್ಲಿಸಿ, "ಆಮ್ಯಾಲೇನಾತ್ರಿ ಅಕ್ಕೋರ?" ಎನ್ನುವುದು ನಮ್ಮ ಪಡಸಾಲೆಗೂ ಕೇಳಿಸುತ್ತಿತ್ತು.

ಒಂದು ಮಂಗಳವಾರ, ನಮ್ಮಲ್ಲಿ ವರ್ಷಗಟ್ಟಲೆ ದುಡಿದ ಹೆಣ್ಣುಮಗಳು ಕಪ್ಪನ್ನು ಗೂಡಿನಿಂದ ತೆಗೆಯಲೇ ಇಲ್ಲ. ಚಹಾ ಹಿಡಿದು ನಿಂತ ನನ್ನ ಹೆಂಡತಿ ಯಾಕೆಂದು ಕೇಳಿದಳು.

"ಬ್ಯಾಡ್ರಿ ಅವ್ವಾರ. ನಿನ್ನಿ ಕಥಿಯೊಳಗಿನ ಆಕಿನೂ ಬ್ಯಾಡ ಅಂದ್ಳರಿ."

ಅಷ್ಟೇ. ಜೋರು ಮಾಡಲಿಲ್ಲ, ಜಗಳ ಆಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೊಲಕ್ಕೆ ಹೋದಳು. ನಾನು ಮಾತ್ರ ಉರಿದುಹೋದೆ. ಆಗ ನಾನು ಪಂಚಾಯ್ತಿ ಮೆಂಬರು, ಊರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಕೆಲವೇ ಜನರಲ್ಲಿ ಒಬ್ಬ. ಆ ಕಥೆಯಿದ್ದ ಪುಸ್ತಕ ವಾಚನಾಲಯದಲ್ಲಿ ಇರಬಾರದು ಎಂದು ಅವತ್ತೇ ತೀರ್ಮಾನಿಸಿದೆ. ಆದರೆ ಕಪ್ಪಿನ ಸಲುವಾಗಿ ಎಂದು ಬರೆಯುವುದು ಹೇಗೆ? ಸೋಮವಾರ ಕಟ್ಟೆಯ ಮೇಲೆ ಓದಿದ ಪುಸ್ತಕದಲ್ಲಿ ಒಂದು ಹೊಲಸು ಬೈಗುಳವಿದೆ, ಮಕ್ಕಳು ಕೆಡುತ್ತಾರೆ ಎಂದಷ್ಟೇ, ಪುಸ್ತಕದ ಹೆಸರು ಹಾಕದೆ, ಅರ್ಜಿ ಬರೆದೆ. ಬೈಗುಳ ಇದ್ದದ್ದು ನಿಜವಂತೆ. ಅದೇ ಬೈಗುಳವನ್ನು ನಾನು ದಿನಾ ಬೆಳಿಗ್ಗೆ ನಮ್ಮ ಮಕ್ಕಳೆದುರಿಗೇ ಎತ್ತಿಗೆ ಬೈಯುತ್ತಿದ್ದೆ. ಮಕ್ಕಳೂ ಕೆಟ್ಟಿರಲಿಲ್ಲ, ಎತ್ತೂ ಕೆಟ್ಟಿರಲಿಲ್ಲ.

ಸಹಿ ಮಾಡಿಸಿದ್ದು ಚಹಾದಂಗಡಿಯಲ್ಲಿ. ಒಬ್ಬ, ಇದು ನಳದ ನೀರಿನ ಅರ್ಜಿಯೇನ್ರಿ ಎಂದು ಕೇಳುತ್ತಲೇ ಸಹಿ ಹಾಕಿದ. ಇನ್ನೊಬ್ಬ ಹತ್ತಿ ಮಾರಲು ಗದಗಕ್ಕೆ ಹೋಗಿದ್ದ, ಅವನದನ್ನು ನಾನೇ ಗೀಚಿದೆ. ಸಂಜೆ ಬಂದವನಿಗೆ ಹೇಳಿದರೆ, ಚಲೋ ಆತು ಬಿಡು ಎಂದ. ಒಬ್ಬರೂ ಪುಸ್ತಕ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಅರ್ಜಿ ಹಿಡಿದು ನಾಲ್ಕು ಜನ ವಾಚನಾಲಯಕ್ಕೆ ಹೋದೆವು. ಅಕ್ಕೋರು ಅದನ್ನು ಪೂರ್ತಿ ಓದಿದರು. ಎದ್ದು, ಕಪಾಟಿನಿಂದ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು.

"ಸಾವ್ಕಾರ್ರ, ಮನಿಗೆ ಒಯ್ರಿ. ಒಂದ್ಸಲ ಓದ್ರಿ. ಓದಿ ಬ್ಯಾಡ ಅಂದ್ರ ನಾನ ಕೈಯಾರೆ ತೆಗೀತೀನಿ."

"ಓದೂದೇನೈತ್ರಿ ಅದರಾಗ? ಅದು ಎಂಥಾದ್ದು ಅಂತ ಊರಿಗೇ ಗೊತ್ತೈತಿ," ಎಂದೆ.

"ಊರಿಗೆ ಗೊತ್ತಿಲ್ರಿ. ಕಡ್ಲಿ ಹಸನ ಮಾಡೂ ಹೆಣ್ಮಕ್ಕಳಿಗಷ್ಟ ಗೊತ್ತೈತಿ," ಎಂದರು ಅಕ್ಕೋರು.

ನನ್ನ ಜೊತೆ ಬಂದಿದ್ದವನೊಬ್ಬ ಕಿಸಕ್ಕನೆ ನಕ್ಕ. ಆ ನಗೆಯನ್ನು ನಾನು ಕ್ಷಮಿಸಲಿಲ್ಲ. ಪುಸ್ತಕ ಮುಟ್ಟದೆ ಹೊರಬಂದೆ. ಅವರು ಅದನ್ನು ಕಪಾಟಿಗೆ ವಾಪಸ್ಸು ಇಟ್ಟರು, ತೆಗೆಯಲಿಲ್ಲ. ಮುಂದಿನ ಮೀಟಿಂಗಿನಲ್ಲಿ ನಾನು ಹಟ ಹಿಡಿದು ಅವರನ್ನೇ ತೆಗೆಸಿದೆ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೋಣೆಗೆ ಕೀಲಿ ಬಿತ್ತು. ಆಮೇಲೆ ಅದರೊಳಗೆ ಗೊಬ್ಬರದ ಚೀಲ ಪೇರಿಸಿದರು... ಪುಸ್ತಕಗಳು ಎಲ್ಲಿ ಹೋದವೋ ನಾನು ಕೇಳಲಿಲ್ಲ. ಸೋಮವಾರಗಳಲ್ಲಿ ಹೆಂಗಸರು ತಮ್ಮ ತಮ್ಮ ಮನೆಯೊಳಗೇ ಕಡಲೆ ಹಸನು ಮಾಡತೊಡಗಿದರು.

ಅಕ್ಕೋರು ಚಿಕ್ಕನರಗುಂದಕ್ಕೆ ಹಿಂತಿರುಗಿದರು. ಎಷ್ಟೋ ಸಲ ನರಗುಂದದ ಬಸ್ಸು ಹತ್ತುವಾಗ, ಅವರೂರಿನಲ್ಲಿ ಇಳಿದು ಒಂದು ಮಾತು ತಪ್ಪಾಯ್ತೆಂದು ಹೇಳಿ ಬರಬೇಕು ಎನ್ನಿಸುತ್ತಿತ್ತು. ಏನೆಂದು ಹೇಳುವುದು, ಇನ್ನೂ ಪುಸ್ತಕವನ್ನೇ ಓದಿಲ್ಲವಲ್ಲ ಎಂದು ಸುಮ್ಮನಾಗುತ್ತಿದ್ದೆ. ಹಾಗೆ ಸುಮ್ಮನಾಗುತ್ತಲೇ ಇದ್ದಾಗ ಅವರು ತೀರಿಕೊಂಡ ಸುದ್ದಿ ಬಂತು.

ಕಪ್ಪು ಸಿಕ್ಕ ಮೂರ್ನಾಲ್ಕು ದಿನಕ್ಕೆ ಊರಿನ ಇಬ್ಬರು ಹುಡುಗರು ಮೋಟರ್ ಸೈಕಲ್ಲಿನಲ್ಲಿ ಬಂದರು. ಮೊಮ್ಮಗಳ ಸಾಲೆಯ ಕಪಾಟಿನಲ್ಲಿ ಒಂದು ಕೆಟ್ಟ ಪುಸ್ತಕವಿದೆಯಂತೆ, ತೆಗೆಸಬೇಕಂತೆ. ಓದಿದ್ದೀರಾ ಎಂದು ಕೇಳಿದೆ.

"ಇಲ್ರಿ ಅಜ್ಜಾರ. ಮೊಬೈಲಿನ್ಯಾಗ ಅದರ ಒಂದ ಹಾಳಿ ಬಂದೈತ್ರಿ. ಅಷ್ಟ ಸಾಕಲ್ರಿ?"

ಈ ಸಲವಾದರೂ ಓದಿ ಹೇಳೋಣ ಎಂದುಕೊಂಡು, ಮೊದಲು ಪುಸ್ತಕ ತರ್ರಿ, ಓದಿದ ಮೇಲೆ ಸಹಿಯ ಮಾತು ಎಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ನಗುತ್ತ ಹೇಳಿದ, "ನಿಮ್ಮ ಸಹಿ ಮುಂಜಾನೇನ ಆಗೇತ್ರಿ ಅಜ್ಜಾರ. ಈ ವಯಸ್ಸಿನ್ಯಾಗ ನಿಮಗ್ಯಾಕ ತ್ರಾಸ ಅಂತ ನಾವ ಹಾಕೇವಿ. ಊರಾಗ ಮೊದಲನೇ ಹೆಸರ ನಿಮ್ಮದ. ಬರೇ ಹೇಳಿ ಹೋಗಾಕ ಬಂದಿದ್ವಿ."

ಬೈಯಲು ಬಾಯಿ ತೆರೆದೆ. ಯಾವ ಬಾಯಿಂದ ಬೈಯಲಿ? ಹೆಸರು ಹೊಡೆದುಹಾಕಿರೆಂದರೆ, ಅರ್ಜಿ ಕೊಟ್ಟಾಗಿದೆ ಎಂದರು. ಆ ಪುಸ್ತಕವನ್ನು ನನಗೆ ಓದಲು ತಂದುಕೊಡು ಎಂದು ಸಂಜೆ ಮೊಮ್ಮಗಳಿಗೆ ಹೇಳಿದೆ. ಮರುದಿನ ಅವಳು ಬರಿಗೈಲಿ ಬಂದಳು. ಊರ ಹಿರಿಯರೇ ಬೇಡವೆಂದಿದ್ದಾರೆ ಎಂದು ಮಾಸ್ತರರು ಕೊಡಲಿಲ್ಲವಂತೆ.

"ಯಾವ ಹಿರಿಯರು ಅಂತ ಕೇಳಬೇಕಿಲ್ಲೇನವಾ?" ಎಂದೆ.

"ಕೇಳ್ದೆ ಅಜ್ಜಾ," ಎಂದವಳು ಒಂದು ಸಲ ನನ್ನನ್ನೇ ನೋಡಿ ಒಳಗೆ ಹೋದಳು.

ಕಪ್ಪು ಕಿಟಕಿಯಲ್ಲಿದೆ. ಸೊಸೆ ದಿನಾ ಕೇಳುತ್ತಾಳೆ, ಇದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು. ಅಂದು ಅಕ್ಕೋರು ಮುಂದೆ ಹಿಡಿದ ಪುಸ್ತಕದ ಮೇಲೆ ಕ್ಯಾಲೆಂಡರಿನ ಹಾಳೆ ಇತ್ತು. ಅದರ ಹೆಸರು ಏನೆಂಬುದು ಕೂಡ ನನಗೆ ಗೊತ್ತಿಲ್ಲ... ಗೊತ್ತಿದ್ದವರು ಈಗಿಲ್ಲ.